ಅಡಿಮಣ್ಣು

"ಮೊದಲು ಮಣ್ಣು," ಅಂದ ಶಿವಾಜಿನಗರದ ಮುನೀಬ್,
"ಗಿಡ ಆಮೇಲೆ. ಮೀನು ಇನ್ನೂ ಆಮೇಲೆ.
ಅವಸರ ಇದ್ದೋರು ಪ್ಲಾಸ್ಟಿಕ್ ಇಟ್ಕೊಳ್ಳಲಿ."
ಅವನ ಚೀಲದ ಮಣ್ಣಿಗೆ ಸಾವಿರದ ಎಂಟುನೂರು.
ಬಸ್ಸಿನಲ್ಲಿ ವಾಪಸು ಬಂದೆ, ಮಡಿಲಲ್ಲಿ
ಒದ್ದೆ ಪೇಪರು ಸುತ್ತಿದ ನಾಲ್ಕು ಕಟ್ಟು ಗಿಡ.

ಪಕ್ಕದ ಸೈಟಿನಲ್ಲಿ ಜೆಸಿಬಿ ಅಗೆಯುತ್ತಿತ್ತು.
ಕೆಂಪು ಮುಗಿದು ಕಪ್ಪು ಬಂತು,
ನುಣ್ಣನೆ, ಹಳೇ ಕಬ್ಬಿಣದ ವಾಸನೆ.
ನಮ್ಮ ಬಡಾವಣೆಗೆ ಕೆರೆಯ ಹೆಸರಿದೆ. ಕೆರೆ ಎಲ್ಲಿ ಅಂತ
ಯಾರೂ ಕೇಳುವುದಿಲ್ಲ, ವಿಳಾಸದಲ್ಲಿದೆಯಲ್ಲ, ಸಾಕು.
ಕಾವಲಿನ ದೇವಮ್ಮ ಒಂದು ಬಾಂಡ್ಲಿ ತುಂಬಿ ಕೊಟ್ಟಳು.
"ಏನಕ್ಕಮ್ಮಾ, ಗಣಪತಿ ಮಾಡೋಕಾ?"
ಅಲ್ಲ ಅಂದರೆ ವಿವರಿಸಬೇಕು. ಹೂಂ ಅಂದೆ.

ಗಾಜಿನ ತಳಕ್ಕೆ ಕಪ್ಪು, ಎರಡು ಬೆರಳು.
ಮೇಲೆ ಜರಡಿ ಹಿಡಿದ ಮರಳು, ಮುಚ್ಚಳದ ಹಾಗೆ.
ಹಿಂದಕ್ಕೆ ಏರು, ಮುಂದಕ್ಕೆ ಇಳಿಜಾರು;
ಎರಡಡಿ ಪೆಟ್ಟಿಗೆಯೊಳಗೆ ದೂರ ಎಂಬುದನ್ನು
ಹೀಗೇ ಮಾಡಬೇಕು, ಸುಳ್ಳು ಹೇಳಿ.
ಕಲ್ಲನ್ನು ನಟ್ಟನಡುವೆ ಇಟ್ಟೆ. ಸಮಾಧಿಯಂತೆ ಕಂಡಿತು.
ಎಡಕ್ಕೆ ಸರಿಸಿ, ತುಸು ವಾಲಿಸಿದೆ.
ಈಗದು ಯಾವಾಗಲೋ ಉರುಳಿ ಬಂದು ನಿಂತ ಕಲ್ಲು.

ನೀರು ಮಂಗಳವಾರ, ಶುಕ್ರವಾರ, ರಾತ್ರಿ ಎರಡಕ್ಕೆ.
ನೂರು ಕಿಲೋಮೀಟರು ಏರಿ ಬಂದ ಕಾವೇರಿ,
ಬ್ಲೀಚಿನ ವಾಸನೆ, ನಲ್ಲಿಯಲ್ಲಿ ಏದುಸಿರು.
ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ಸುಮ್ಮನೆ ಬಿಟ್ಟೆ.
ದಣಿದು ಬಂದವರನ್ನು ಆಗಲೇ ಕೆಲಸಕ್ಕೆ ಹಚ್ಚಬಾರದು.
ಮರಳಿನ ಮೇಲೆ ತಟ್ಟೆ, ತಟ್ಟೆಯ ಮೇಲೆ
ಲೋಟ ಲೋಟವಾಗಿ ಸುರಿದೆ,
ಕೂಸಿನ ತಲೆ ತೋಯಿಸುವ ಹಾಗೆ.

ನನ್ನ ಕೆಲಸ ಹಲ್ಲು. ರಿಚ್ಮಂಡ್ ಟೌನಿನ ಲ್ಯಾಬಿನಲ್ಲಿ
ಮುಖ ಕಾಣದವರ ಬಾಯಿಗೆ ಪಿಂಗಾಣಿ ಹಲ್ಲು ಮಾಡುತ್ತೇನೆ.
ಅದೇ ಚಿಮಟ ಮನೆಗೆ ತಂದೆ.
ಒಂದೊಂದೇ ಬುಡ ಹಿಡಿದು, ಓರೆಯಾಗಿ ಇಳಿಸಿ,
ಬೇರನ್ನು ಒಳಗೆ ಬಿಟ್ಟು, ಚಿಮಟವನ್ನು ಮಾತ್ರ
ಕಳ್ಳನ ಹಾಗೆ ಹಿಂದಕ್ಕೆಳೆಯಬೇಕು.
ತೇಲುತ್ತದೆ. ಮತ್ತೆ ನೆಡು. ತೇಲುತ್ತದೆ.
ಹಲ್ಲಿಗಿರುವ ಸಿಮೆಂಟು ಗಿಡಕ್ಕಿಲ್ಲ.
ರಾತ್ರಿ ಹನ್ನೊಂದಕ್ಕೆ ಇಪ್ಪತ್ತಮೂರು ನಿಂತವು,
ಗಿಡ್ಡವು ಮುಂದೆ, ಉದ್ದನೆಯವು ಹಿಂದೆ,
ಶಾಲೆಯ ಗ್ರೂಪ್ ಫೋಟೋದ ಹಾಗೆ, ಉಸಿರು ಬಿಗಿಹಿಡಿದು.

ಆರನೇ ದಿನ ಕರಗಿದವು.
ಎಲೆ ಗಾಜಾಯಿತು. ಗಾಜು ಲೋಳೆಯಾಯಿತು.
ಫೋನಿನಲ್ಲಿ ಮುನೀಬ್ ಆಕಳಿಸಿದ:
"ಜಾಗ ಬದಲಾದ್ರೆ ಎಲೆ ಬಿಟ್ಬಿಡುತ್ತೆ ಮೇಡಂ, ಇದರ ಜಾತಿನೇ ಹಾಗೆ.
ಕೀಳಬೇಡಿ. ಬೇರು ಇನ್ನೂ ಮನೆ ಖಾಲಿ ಮಾಡಿಲ್ಲ."

ಕೀಳಲಿಲ್ಲ. ಲೈಟು ಹಾಕುವುದು, ಆರಿಸುವುದು,
ಬೋಳು ಮರಳಿಗೆ ದಿನಕ್ಕೆಂಟು ಗಂಟೆ ಬೆಳಕು.
ಓನರ್ ಚನ್ನವೀರಯ್ಯ ಬಾಗಿ ನೋಡಿ,
"ಖಾಲಿ ನೀರಿಗೆ ಕರೆಂಟಾ?" ಅಂದರು.

ನಲವತ್ತನೆಯ ದಿನವಿರಬಹುದು,
ನಾನು ಏನೂ ನೆಡದ ಮೂಲೆಯಲ್ಲಿ
ಮರಳು ಸಾಸಿವೆಯಷ್ಟು ಎದ್ದಿತ್ತು.
ಮರುದಿನ ದಾರ. ವಾರಕ್ಕೆ ರಿಬ್ಬನ್ನು,
ತೆಳ್ಳಗೆ, ಸೀದಾ, ಮೇಲೆ ಹೋಗುವ ದಾರಿ ಗೊತ್ತಿರುವ ಹಾಗೆ.
ಫೋಟೋ ಕಳಿಸಿದೆ. "ಇದು ನಾನು ಮಾರಿದ್ದಲ್ಲ,"
ಅಂದ ಮುನೀಬ್, ದುಡ್ಡು ವಾಪಸು ಕೇಳಿದವರಿಗೆ ಹೇಳುವ ದನಿಯಲ್ಲಿ.

ಪಕ್ಕದ ಸೈಟಿನಲ್ಲಿ ಕಂಬಿ ಎದ್ದಿವೆ, ಕಪ್ಪು ಕಾಣದು.
ದೇವಮ್ಮನನ್ನು ಕರೆದು ತೋರಿಸಿದೆ.
ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನಿಂತಳು.
"ಕಾಲಿಗೆ ಸುತ್ಕೊಳ್ಳೋ ಸೊಪ್ಪು ಕಣಮ್ಮ ಇದು,
ಎಮ್ಮೆ ತೊಳೆಯೋವಾಗ."
ಹೊರಡುವಾಗ ಬಾಗಿಲಲ್ಲಿ ತಿರುಗಿ ಕೇಳಿದಳು:
"ಗಣಪತಿ?"
ನೀರಿಗೆ ಬಿಟ್ಟೆ, ಅಂದೆ.