ನಿಂತ ಮೇಲೆ

ಓಡುವಾಗ ಬರುವುದಿಲ್ಲ,
ಅದೇ ಅದರ ಸಣ್ಣಬುದ್ಧಿ.
ಓಡಿ, ಗೋಡೆ ಮುಟ್ಟಿ, ತಿರುಗಿ ಬಂದು
ಸೊಂಟಕ್ಕೆ ಕೈಕೊಟ್ಟು
ಇನ್ನೇನು ಉಸಿರು ತಳಕ್ಕಿಳಿಯಬೇಕು,
ಆಗ ಬರುತ್ತದೆ ಕೆಮ್ಮು,
ಬಸ್ಸಿಳಿದ ಮೇಲೆ ಅಡ್ಡ ನಿಂತು
ಟಿಕೆಟ್ ಕೇಳುವ ಚೆಕಿಂಗಿನವನ ಹಾಗೆ.

ಜ್ವರ ಬಿಟ್ಟು ಇಪ್ಪತ್ತಾರು ದಿನ.
ನೆಗಡಿ ಯಾವಾಗ ಹೋಯಿತೋ, ಹೇಳದೆ ಹೋಯಿತು.
ನನ್ನ ಎದೆಯ ಎಕ್ಸ್‌ರೇ ಕಿಟಕಿಗೆ ಹಿಡಿದು
ಡಾಕ್ಟರ್ ಫಿಲೋಮಿನಾ ಅಂದರು:
"ಕಳ್ಳ ಹೋಗಿಯಾಯ್ತು ಮಿಸ್,
ನಾಯಿ ಮಾತ್ರ ಇನ್ನೂ ಬೊಗಳ್ತಿದೆ.
ತಣ್ಣಗೆ ಗಾಳಿ ಬಂದ್ರೂ ಕಳ್ಳನೇ ಅನ್ಸುತ್ತೆ ಅದಕ್ಕೆ.
ಆರು ವಾರ ಆಗಬಹುದು, ಎಂಟೂ ಆಗಬಹುದು.
ಅದೂ ದಾಟಿದರೆ ಬನ್ನಿ.
ಓಡಿ, ನಿಧಾನ ಓಡಿ.
ನಿಲ್ಲೋದನ್ನೂ ನಿಧಾನ ಮಾಡಿ."

ಇಪ್ಪತ್ತೊಂದು ವರ್ಷದ ಪೀಟಿ ಮಿಸ್ ನಾನು.
ಓಡಲು ಕಲಿಸಿದ್ದೇನೆ, ಹಾರಲು,
ಮೊಣಕೈ ಮಡಚಿ ಪೆಟ್ಟಾಗದ ಹಾಗೆ ಬೀಳಲು.
ನಿಲ್ಲುವುದನ್ನು ಕಲಿಸಿದ ನೆನಪಿಲ್ಲ.
ಸೀಟಿ ಊದಿದರೆ ನಿಲ್ಲುತ್ತಾರೆ,
ಅದರಲ್ಲೇನಿದೆ ಕಲಿಸಲಿಕ್ಕೆ?

ಮಾಗಡಿ ರಸ್ತೆಯ ಹಿಂದೆ ನಮ್ಮ ಮೈದಾನ,
ಇಪ್ಪತ್ತೈದು ಮೀಟರ್ ಮಣ್ಣು.
ನೂರು ಮೀಟರನ್ನು ನಾಲ್ಕು ಮಡಿಕೆ ಮಾಡಿ ಓಡಿಸುತ್ತೇನೆ
ಸೀರೆ ಮಡಚಿದ ಹಾಗೆ.
ಮೆಟ್ರೋ ಹೋದಾಗ ಮಕ್ಕಳು ತಲೆಯೆತ್ತಿ
ಮಡಿಕೆಯ ಲೆಕ್ಕ ತಪ್ಪುತ್ತಾರೆ.
ಗೋಡೆಯಾಚೆ ಊದುಬತ್ತಿ ಹೊಸೆಯುವ ಶೆಡ್ಡು.
ಡಿಸೆಂಬರಿನ ಚಳಿಗಾಳಿಗೆ ಇದ್ದಿಲಪುಡಿ ಎದ್ದು
ಬೆಳಿಗ್ಗೆ ಎಳೆದ ಸುಣ್ಣದ ಗೆರೆ
ಹತ್ತು ಗಂಟೆಗೆ ಬೂದು.
ದೇವರಿಗೆ ಮುಟ್ಟುವ ಮೊದಲು ಎಲ್ಲ ಪರಿಮಳವೂ
ನನ್ನ ಗಂಟಲಿಗೊಮ್ಮೆ ಇಳಿದು ಹೋಗುತ್ತದೆ.

ಮದ್ದಿಗೇನೂ ಬರವಿಲ್ಲ.
ಗಣಿತದ ಪುಟ್ಟಗೌರಮ್ಮ ಜ್ಯೇಷ್ಠಮಧುವಿನ ಕಡ್ಡಿ ಕೊಟ್ಟರು,
ಸೀಮೆಸುಣ್ಣದ ಡಬ್ಬದಲ್ಲಿಟ್ಟು.
ಬಿಸಿಯೂಟದ ಸಾವಂತ್ರಕ್ಕ ಸಾರಿನ ತಿಳಿಗೆ ಮೆಣಸು ಕುಟ್ಟಿ
ನನಗೇ ಮೊದಲ ಲೋಟ ಬಗ್ಗಿಸಿದಳು.
ಹೆಡ್‌ಮಾಸ್ಟರು "ರಜಾ ತಗೊಳ್ಳಿ ಮೇಡಂ" ಅಂದರು,
ಕುರ್ಚಿಯನ್ನು ಕೊಂಚ ಹಿಂದಕ್ಕೆಳೆದು.
ಬಸ್ಸಿನಲ್ಲಿ ಪಕ್ಕದ ಸೀಟು ಈಗ ಸದಾ ಖಾಲಿ.
ಅದೊಂದು ಲಾಭ.

ಕಷ್ಟವೆಲ್ಲ ಸೀಟಿಯದು.
ಊದಲೆಂದು ಎಳೆದ ಉಸಿರು ಅರ್ಧ ದಾರಿಯಲ್ಲಿ
ಬೇಲಿಗೆ ಸಿಕ್ಕ ಲಂಗದ ಹಾಗೆ ಹರಿಯುತ್ತದೆ.
ಸೋಮವಾರ, ಆರನೇ ಕ್ಲಾಸು,
ಗೆರೆಯ ಮೇಲೆ ಹನ್ನೊಂದು ಜೋಡಿ ಬರಿಗಾಲು.
ರೆಡಿ ಅಂದೆ. ಸ್ಟೆಡಿ ಅಂದೆ.
ಸೀಟಿಯ ಬದಲು ಕೆಮ್ಮು.
ಓಡಿಯೇಬಿಟ್ಟವು!
ಗೋಡೆ ಮುಟ್ಟಿ ತಿರುಗಿ, ಮುಟ್ಟಿ ತಿರುಗಿ,
ನಾನಿನ್ನೂ ಮೊಣಕಾಲು ಹಿಡಿದು ಬಗ್ಗಿರುವಾಗಲೇ
ಮುನಿರತ್ನ ಮೊದಲು ಬಂದು "ಎಷ್ಟಾಯ್ತು ಮಿಸ್?"
ವಾಚು ನೋಡಿದವರ‍್ಯಾರು.
"ಚೆನ್ನಾಗಾಯ್ತು" ಅಂದೆ.

ಮೆಟ್ಟಿಲ ಮೇಲಿದ್ದ ತಬಸ್ಸುಮ್ ಮಾತ್ರ ನಗಲಿಲ್ಲ.
ನಾಲ್ಕನೇ ಕ್ಲಾಸಿನಿಂದ ಅಲ್ಲೇ ಅವಳ ಜಾಗ.
ಓಡಿದರೆ ಕೆಮ್ಮು ಮಿಸ್, ಅಂದಿದ್ದಳು.
ಓಡದಿರುವುದಕ್ಕೆ ಕೆಮ್ಮು ಅಂದುಕೊಂಡಿದ್ದೆ ನಾನು,
ಚಪ್ಪಲಿಗಳ ಕಾವಲಿಗೆ ಕೂರಿಸಿದ್ದೆ.
ಎದ್ದು ಬಂದು, ನೀರಿನ ಬಾಟಲು ಕೊಟ್ಟು,
ದೊಡ್ಡವರಿಗೆ ಹೇಳಬಹುದೋ ಬಾರದೋ ಎಂಬ ದನಿಯಲ್ಲಿ ಅಂದಳು:
"ಹಂಗೆ ಗಪ್ಪಂತ ನಿಲ್ಬಾರ್ದು ಮಿಸ್.
ನಡೀತಾ ನಡೀತಾ ನಿಲ್ಬೇಕು.
ಮೂಗಲ್ಲಿ ಒಳಗೆ.
ಆಮೇಲೆ ಬಿಸಿ ಚಾ ಊದ್ತೀರಲ್ಲ,
ಹಂಗೆ, ತುಟಿ ಸಣ್ಣ ಮಾಡಿ ಹೊರಗೆ."

ನಡೆದೆವು, ಇಬ್ಬರೂ, ಬೂದು ಗೆರೆಯ ಗುಂಟ.
ಸಾರಿ ಅನ್ನಬೇಕೆಂದು ಬಾಯಿತನಕ ಬಂತು.
ಮಾತಾಡಬೇಡಿ ಎಂದು ಕೈ ಮಾಡಿದಳು, ಚಾ ಊದಿ.
ಮೂರನೇ ಸುತ್ತಿನಲ್ಲಿ ಬಂತು, ಬರದೇ ಇರಲಿಲ್ಲ,
ಆದರೆ ಚಿಕ್ಕದು.
ಟಿಕೆಟ್ ತೋರಿಸಿದೆ, ಹೋಯಿತು.

ಗೋಡೆಯ ಹತ್ತಿರ ಅವಳು ವೇಲು ಮೂಗಿಗೆಳೆದುಕೊಂಡು
"ಇವತ್ತು ಕೇದಿಗೆ ಮಿಸ್" ಅಂದಳು.
"ಕೇದಿಗೆ ಪರವಾಗಿಲ್ಲ.
ನಾಳೆ ಗಂಧ ಅರೀತಾರೆ.
ನಾಳೆ ಆ ಕಡೆ ಗೋಡೆಗೆ ಓಡೋಣ."