ಲಾಭ

ಶಾಕ್ ಅಂದರೆ ಕರೆಂಟ್ ಹೊಡೆದದ್ದಲ್ಲ,
ಕೆಟ್ಟ ಸುದ್ದಿ ಕೇಳಿ ಎದೆ ಒಡೆದದ್ದೂ ಅಲ್ಲ,
ಹಿಪ್ಪರಗಿ ಮೇಡಂ ಇದನ್ನು
ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ
ಐಸಿಯು ಬಾಗಿಲ ಹೊರಗೆ, ಬಿಟ್ಟ ಚಪ್ಪಲಿಗಳ ನಡುವೆ ನಿಂತು.

ನಾನು ದಾವಲಸಾಬ, ಅವರ ಲ್ಯಾಬಿನವನು.
ರಕ್ತ ತಿರುಗಿಸುತ್ತೇನೆ, ತಿಳಿ ಬಸಿಯುತ್ತೇನೆ,
ಮೈನಸ್ ಎಂಬತ್ತರ ಪೆಟ್ಟಿಗೆಯಲ್ಲಿ ಇಟ್ಟು ಬಾಗಿಲು ಹಾಕುತ್ತೇನೆ.
ಹೊರಗೆ ವಿಜಯಪುರ ನಲವತ್ಮೂರು ಡಿಗ್ರಿ,
ನನ್ನ ಕೈಗವಸಿನ ಮೇಲೆ ಹಿಮ.
ಕೊಳವೆಗಳಿಗೆ ಹೆಸರಿಲ್ಲ, ನಂಬರು ಮಾತ್ರ.

ಹದಿನಾಲ್ಕು ವರ್ಷದಿಂದ ಮೇಡಂ ಹುಡುಕುತ್ತಿರುವುದು ಒಂದೇ:
ಕಳ್ಳನನ್ನು ಓಡಿಸಲು ಹಚ್ಚಿದ ಪಂಜು
ಮನೆಯ ಜಂತಿಗೇ ತಾಗುವುದು ಯಾವ ಗಳಿಗೆಯಲ್ಲಿ?
ಉರಿಯೂತ ಅನ್ನುತ್ತೇವಲ್ಲ,
ಉರಿಗೂ ಊತಕ್ಕೂ ನಡುವೆ ಒಂದು ಯಕಾರ ನುಸುಳಿದೆಯಲ್ಲ,
ಅಲ್ಲೇ ಎಲ್ಲೋ ಸೋರುತ್ತದೆ, ಅನ್ನುತ್ತಾರೆ.

ಒತ್ತಡ ಬಿದ್ದಾಗ ದೇಹ ಪಾಳಿ ಹಚ್ಚುತ್ತದಂತೆ:
ಮೊದಲು ಚರ್ಮದ ನಲ್ಲಿ ಬಂದ್,
ಆಮೇಲೆ ಕರುಳು, ಆಮೇಲೆ ಮೂತ್ರಪಿಂಡ,
ಉಳಿದ ಕೊಡ ಮಿದುಳಿಗೆ, ಗುಂಡಿಗೆಗೆ.
ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬಿಡುವ ವಾಲ್ವ್‌ಮ್ಯಾನ್
ಇದಕ್ಕಿಂತ ಬೇರೆ ಏನೂ ಮಾಡುವುದಿಲ್ಲ.
ಅವನನ್ನು ಬೈಯುತ್ತೇವೆ.

ನೂರಾ ಹದಿನೇಳು ಬಂದದ್ದು ತಿಕೋಟಾ ಕಡೆಯಿಂದ.
ದ್ರಾಕ್ಷಿ ಪಡದಲ್ಲಿ ತಂತಿ ಬಿಗಿಯುವಾಗ
ಅಂಗೈ ಗೀರಿತ್ತು; ಅರಿಶಿನ ಮೆತ್ತಿ ಮರೆತಿದ್ದ.
ಐದನೇ ದಿನ ಒತ್ತಡ ಅರವತ್ತು ದಾಟಲಿಲ್ಲ,
ಮೊಣಕಾಲ ಮೇಲೆ ನೀಲಿ ಬಲೆ,
ಚೀಲದಲ್ಲಿ ಮೂತ್ರ ಎರಡು ಚಮಚ.

ಹೆಂಡತಿ ಕಸ್ತೂರೆವ್ವ ಗೋಡೆಗೆ ಅಂಟಿ ನಿಂತಿದ್ದಳು:
“ನಾನಽ ಅಂದಿದ್ದೆ ರೀ, ಆವತ್ತ ಮುಂಜಾನೆ.
ಚಾದಾಗ ಸಕ್ಕರಿ ಕಮ್ಮಿ ಅಂದ,
ಸಾಯಿ ಹೋಗ ಅಂದೆ.
ಅದಽ ಶಾಕ್ ಆತೇನ್ರಿ ಅವಗ?”

ಮೇಡಂ ದಿನಾ ಹೇಳುವ ಮಾತು ಹೇಳಲಿಲ್ಲ.
ಅವಳ ಕೈ ಹಿಡಿದು, ತೋರುಬೆರಳ ಉಗುರನ್ನು
ಗಟ್ಟಿಯಾಗಿ ಒತ್ತಿ, ಬಿಟ್ಟರು.
ಬಿಳಿ.
ಕೆಂಪು.
“ನೋಡವ್ವಾ, ರಕ್ತ ತಿರುಗಿ ಬಂತು.
ಅವನ ಉಗುರಿಗೆ ಬರಲಿಕ್ಕೆ ತಡ ಆಗ್ತದ.
ತಾಸಿಗೊಮ್ಮೆ ಒತ್ತು, ಬಿಡು, ಎಣಿಸು, ಬರಿ.
ನಿನ್ನ ಮಾತಲ್ಲ ಇದು. ತಂತಿ.”
ಒಳಗೆ ಬಿಟ್ಟರು. ನರ್ಸ್ ಗೊಣಗಿದಳು.

ಹಾಳೆ ನನ್ನ ಮೇಜಿಗೆ ಬಂದದ್ದು ವಾರದ ಮೇಲೆ:
ಹರಿದ ಕ್ಯಾಲೆಂಡರಿನ ಹಿಂಬದಿ, ನಾಲ್ಕನೇ ಇಯತ್ತೆಯ ಅಕ್ಷರ.
ಎಂಟು. ಎಂಟು. ಒಂಬತ್ತು.
ಒಂದು ಕಡೆ ಬರೀ ಗೀಟು, ಅತ್ತಿರಬೇಕು, ಅಥವಾ ಜೋಂಪು.
ಆರು.
ಮತ್ತೆ ಏಳು.
ಮರುದಿನ ಸಂಜೆ ನಾಲ್ಕು.
ರೂಢಿಯಂತೆ ತುಂಬುತ್ತಾ ಬಂದೆ.
ಕೊನೆಯ ಸಾಲಿನಲ್ಲಿ ಅಂಕಿ ಇರಲಿಲ್ಲ:
ಗುರುವಾರ ನಸುಕು, ಲಾಭ.

ಪರದೆಯ ಮೇಲೆ ಆ ಮನೆ ಕೆಂಪಾಯಿತು:
ಇಲ್ಲಿ ಸಂಖ್ಯೆ ಬೇಕು.
ಕಣದಲ್ಲಿ ಜೋಳ ಅಳೆಯುವಾಗ ನಮ್ಮಪ್ಪನೂ
ಮೊದಲ ಸೇರಿಗೆ ಒಂದು ಅಂದವನಲ್ಲ.
ಲಾಭ, ಎರಡು, ಮೂರು, ಹಾಗೆ.
ಕಂಪ್ಯೂಟರಿಗೆ ಇದನ್ನು ಯಾರು ಹೇಳಬೇಕು?

ಮೇಡಂಗೆ ತೋರಿಸಿದೆ.
ಅವರ ಔಷಧದ ಪರೀಕ್ಷೆ ಮಾರ್ಚಿನಲ್ಲಿ ಮುಗಿದಿತ್ತು,
ಕೊಟ್ಟವರಲ್ಲೂ ಕೊಡದವರಲ್ಲೂ ಸಾವು ಹೆಚ್ಚುಕಮ್ಮಿ ಸಮ.
ಅದನ್ನೂ ಬರೆದು ಕಳಿಸಿದ್ದರು, ಇದ್ದದ್ದು ಇದ್ದ ಹಾಗೆ.
“ಮನೆಯವರು ಎಣಿಸಿದ್ದು ಲೆಕ್ಕಕ್ಕೆ ಬರೋದಿಲ್ಲ, ದಾವಲಸಾಬ.”
ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.
“ಬೇರೆ ಹಾಳೆಯೊಳಗ ತುಂಬಿ ಇಡ್ರಿ.”
ಏನಂತ, ಅಂದೆ.
“ಆಕಿ ಬರೆದ ಹಾಗೆ.”

ಅಷ್ಟರಲ್ಲಿ ಕರೆಂಟ್ ಹೋಯಿತು.
ನೂರಾರು ಜನರ ರಕ್ತದ ಪೆಟ್ಟಿಗೆಗೆ ಬೆನ್ನು ಕೊಟ್ಟು
ಕತ್ತಲಲ್ಲಿ ಎಣಿಸುತ್ತ ನಿಂತೆ.
ಹನ್ನೊಂದಕ್ಕೆ ಜನರೇಟರ್ ಹಿಡಿಯಿತು.