ಮೆಟ್ಟಿಲಿಲ್ಲದ ಮನೆ

ಕೌಲ್‌ಬಜಾರಿನ ಜೀನ್ಸ್ ಘಟಕದಲ್ಲಿ
ಹುಸೇನಮ್ಮನ ಮಿಷನ್ನಿಗೆ ಈಗ ಬೇರೆಯವಳು.
ಗಂಡನ ಕೊಲೆ ಕೇಸು, ಜೀವಾವಧಿ.

ಊಟದ ಬಿಡುವಿನಲ್ಲಿ ನಾವು
ಅರ್ಜಿ ಹಿಡಿದು ಓಣಿ ಸುತ್ತುತ್ತೇವೆ.
ಹೆಬ್ಬೆಟ್ಟಿಗೆ ಶಾಯಿ ಯಾಕೆ,
ಬಟ್ಟೆಯ ನೀಲಿಯೇ ಸಾಕು ಅಂತಾಳೆ ಮಾಬುನ್ನಿ.

ಪಕ್ಕದ ಮನೆಯವರು ಬಾಗಿಲು ಅರ್ಧ ತೆರೆದು
"ನಮಗೇನೂ ಕೇಳಿಸಿಲ್ರೀ" ಅಂದರು.
ತಗಡಿನ ಗೋಡೆ.
ಅಲ್ಲಿ ಒಗ್ಗರಣೆ ಸಿಡಿದರೆ ಇಲ್ಲಿ ಸೀನು.

ವಕೀಲಮ್ಮ ದವಾಖಾನೆಯ ಹಳೆ ಚೀಟಿ ತರಿಸಿದರು.
ಮುಂಗೈ ಮುರಿತ: ಮೆಟ್ಟಿಲಿಂದ ಬಿದ್ದದ್ದು.
ಇನ್ನೊಂದು, ದವಡೆ: ಮೆಟ್ಟಿಲು.
ಕೋರ್ಟಿನಲ್ಲಿ ಅದನ್ನೇ ಓದಿದ್ದರಂತೆ,
ಹೊಡೆತಕ್ಕೆ ದಾಖಲೆ ಇಲ್ಲ ಅಂತ.

ಆ ಮನೆಗೆ ಮೆಟ್ಟಿಲೇ ಇಲ್ಲ.
ಹೊಸ್ತಿಲೂ ಇಲ್ಲ, ಮಳೆ ಬಂದರೆ ಚರಂಡಿ ನೇರ ಒಳಗೆ.
ಫೋಟೋ ತೆಗೆದು ಅರ್ಜಿಗೆ ಅಂಟಿಸಿದೆವು.

ಚೀಟಿಯ ಕೊನೆಗೆ "ಜೊತೆಗೆ ಬಂದವರು".
ವಕೀಲಮ್ಮ ಅದನ್ನು ಓದಲಿಲ್ಲ,
ಹಾಳೆಯನ್ನು ನನ್ನ ಕಡೆ ತಿರುಗಿಸಿದರು.
ಸಹಿ ನನ್ನದು.
ಡಾಕ್ಟರು ಕೇಳಿದಾಗ
ಹುಸೇನಮ್ಮನ ಬಾಯಿ ತುಂಬ ರಕ್ತ.
ಮೆಟ್ಟಿಲು ಕಟ್ಟಿದವಳು ನಾನು.

ಸೋಮವಾರ, ಜೈಲಿನ ಜಾಲರಿ.
ಹೇಳಿಬಿಡಬೇಕು ಅಂತ ಹೋಗಿದ್ದೆ.
ಅವಳೇ ಮೊದಲು ಕೇಳಿದಳು:
"ಆ ಮಿಷನ್ನಿನ ಸೂಜಿ ಎಡಕ್ಕೆ ಎಳೀತೈತೆ,
ಹೊಸಾಕಿಗೆ ಹೇಳಿದ್ಯೇನು?"